ಮೂರು ಕೋಣೆ, ಒಂದು ಚಾವಿ

ಚೆನ್ನೈನ ಓಎಮ್‌ಆರ್ ರಸ್ತೆಯ ಯಾವ ಸಾಫ್ಟ್‌ವೇರ್ ಕಂಪನಿಗೆ ಸೇರಿದರೂ ಮೊದಲ ವಾರದಲ್ಲೇ ಕಿವಿಗೆ ಬೀಳುವ ಮಾತೊಂದಿದೆ: "ಪ್ರೊಡ್‌ಗೆ ಕೈ ಹಾಕಬೇಡ." ಪ್ರೊಡ್ ಅಂದರೆ ಪ್ರೊಡಕ್ಷನ್. ಗಿರಾಕಿಯ ನಿಜವಾದ ವ್ಯವಹಾರ ನಡೆಯುತ್ತಿರುವ ಕಂಪ್ಯೂಟರುಗಳು. ಬರೆಯುವುದಕ್ಕೆ ಬೇರೆ ಕಂಪ್ಯೂಟರು, ಅದು ಡೆವ್. ಬರೆದದ್ದು ಸರಿಯಿದೆಯೇ ಎಂದು ನೋಡಲು ಮತ್ತೊಂದು, ಅದು ಟೆಸ್ಟ್. ಐಟಿಯಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಒಂದು ಮನೆಯ ಮೂರು ಕೋಣೆಗಳೆಂದು ತಿಳಿದರೆ ಸಾಕು. ಒಂದರಲ್ಲಿ ಕಲಸುತ್ತಾರೆ, ಇನ್ನೊಂದರಲ್ಲಿ ರುಚಿ ನೋಡುತ್ತಾರೆ, ಮೂರನೆಯದರಲ್ಲಿ ಪಂಕ್ತಿ ಕೂತಿರುತ್ತದೆ.

ನನ್ನ ಕೆಲಸ ಈ ಮೂರೂ ಕೋಣೆಗಳ ಚಾವಿಗೆ ಸಂಬಂಧಿಸಿದ್ದು. ದೊಡ್ಡ ಕಂಪನಿಗಳಲ್ಲಿ ಯಾರು ಯಾವ ಕಡತ ತೆರೆಯಬಹುದು, ಯಾರು ಯಾವ ಮೊತ್ತದ ಬಿಲ್ಲಿಗೆ ಒಪ್ಪಿಗೆ ಕೊಡಬಹುದು, ಕೆಲಸ ಬಿಟ್ಟವರ ಲಾಗಿನ್ ಎಷ್ಟು ಹೊತ್ತಿಗೆ ಸಾಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರಿಗೆ ಆಕ್ಸೆಸ್ ಕಂಟ್ರೋಲ್ ಎನ್ನುತ್ತಾರೆ. ಅಂಥದ್ದೊಂದನ್ನು ಹೊಸದಾಗಿ ತರುವ ಕಂಪನಿಗೆ ಎಷ್ಟು ಕೋಣೆ ಬೇಕು, ಯಾವುದರಲ್ಲಿ ಏನಿರಬೇಕು ಎಂದು ಯೋಜನೆ ಹಾಕಿಕೊಡುವುದು ನಮ್ಮ ತಂಡದ ಕೆಲಸ. (ನಾನು ಹುಬ್ಬಳ್ಳಿ ಕಡೆಯವನು, ಬೀಗದ ಕೈಗೆ ಚಾವಿ ಎಂದೇ ಅನ್ನುವವನು. ಇಲ್ಲಿ ತಮಿಳರ ಬಾಯಲ್ಲಿ 'ಸಾವಿ' ಕೇಳಿದಾಗ ಊರಿನ ಮಾತೇ ಅನ್ನಿಸಿತ್ತು. ಎರಡಕ್ಕೂ ಮೂಲ ಪೋರ್ಚುಗೀಸರ 'ಚಾವೆ'. ಅವರು 16ನೇ ಶತಮಾನದಲ್ಲಿ ಮೈಲಾಪುರದ ಪಕ್ಕ ಸಾಂಥೋಮ್‌ನಲ್ಲಿ ಬಂದು ನೆಲೆಸಿದವರು. ಚಾವಿಯನ್ನು ಬಿಟ್ಟುಹೋದರು.)

ಬೇರೆ ಸಾಫ್ಟ್‌ವೇರಿಗೆ ಮೂರು ಕೋಣೆಯ ಲೆಕ್ಕ ಸಲೀಸಾಗಿ ಹೊಂದುತ್ತದೆ. ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ಪರೀಕ್ಷಿಸಲು ಹತ್ತು ಸುಳ್ಳು ನೌಕರರು, ಹತ್ತು ಸುಳ್ಳು ಸಂಬಳ ಸಾಕು. ಆಕ್ಸೆಸ್ ಕಂಟ್ರೋಲಿಗೆ ಅದು ನಡೆಯುವುದಿಲ್ಲ. ಅದರ ಹೂರಣವೇ ಜನ. ಇಪ್ಪತ್ತು ವರ್ಷದಲ್ಲಿ ನಾಲ್ಕು ಇಲಾಖೆ ಬದಲಿಸಿದ, ಪ್ರತಿ ಇಲಾಖೆಯ ಅನುಮತಿಯನ್ನೂ ಹೆಗಲ ಮೇಲೆ ಹೊತ್ತುಕೊಂಡೇ ಬಂದ ಮನುಷ್ಯನಿಗೆ ಹೊಸ ನಿಯಮ ಏನು ಮಾಡುತ್ತದೆ ಎಂದು ತಿಳಿಯಲು ಆ ಮನುಷ್ಯನೇ ಬೇಕು. ಸುಳ್ಳು ಹೆಸರಿನವನಿಗೆ ಆ ಚರಿತ್ರೆ ಇರುವುದಿಲ್ಲ. ನಿಜವಾದವನನ್ನು ಟೆಸ್ಟ್‌ಗೆ ತಂದರೆ ಅವನ ಗುಟ್ಟುಗಳೂ ಜೊತೆಗೆ ಬರುತ್ತವೆ. ಈ ಇಕ್ಕಟ್ಟು ಇಂದಿನದಲ್ಲ, ಅದಕ್ಕೆ ಐವತ್ತು ವರ್ಷ ಮೀರಿದ ಚರಿತ್ರೆಯಿದೆ.

ಚೆನ್ನೈನಿಂದಲೇ ಶುರುಮಾಡೋಣ. 1973ರಲ್ಲಿ ಇಲ್ಲಿನ ಐಐಟಿಗೆ ಜರ್ಮನಿಯ ನೆರವಿನಿಂದ ಐಬಿಎಂ 370/155 ಬಂತು. ಆಗ ದೇಶದಲ್ಲಿದ್ದ ದೊಡ್ಡ ಕಂಪ್ಯೂಟರುಗಳಲ್ಲಿ ಅದೂ ಒಂದು. ಆ ಕಾಲದ ಯಂತ್ರಗಳ ಕ್ರಮ ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದ್ದೀತು. ಪ್ರೋಗ್ರಾಮನ್ನು ತೂತು ಹೊಡೆದ ಕಾರ್ಡುಗಳ ಕಟ್ಟಾಗಿ ಕಿಟಕಿಯಲ್ಲಿ ಕೊಡುವುದು, ಸರದಿ ಬಂದಾಗ ಆಪರೇಟರ್ ಅದನ್ನು ಓಡಿಸುವುದು, ಆಮೇಲೆ ಬಂದು ಅಚ್ಚಾದ ಹಾಳೆ ಒಯ್ಯುವುದು. ಆ ಕಿಟಕಿಯೇ ಆಕ್ಸೆಸ್ ಕಂಟ್ರೋಲ್. ಯಂತ್ರವಿದ್ದ ತಣ್ಣನೆಯ ಕೋಣೆಗೆ ಕಾಲಿಡದವನು ಅದನ್ನು ಕೆಡಿಸಲಾರ. ಒಬ್ಬರ ಕಾರ್ಡಿನ ಕಟ್ಟು ಮುಗಿದ ಮೇಲೆ ಇನ್ನೊಬ್ಬರದು, ಹಾಗಾಗಿ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುವ ಪ್ರಶ್ನೆಯೂ ಕಡಿಮೆ.

ಕಿಟಕಿ ಹೋಗಿ ಎಲ್ಲರ ಮೇಜಿನ ಮೇಲೂ ಟರ್ಮಿನಲ್ ಬಂದಾಗ ತೊಂದರೆ ಶುರುವಾಯಿತು. ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ತೋರಿಸಿದರು. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಬಹುದು, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಅದೇ ದಶಕದ ನಡುವಿನಲ್ಲಿ ನಡೆದ ಘಟನೆಯೊಂದನ್ನು ಕೊರ್ಬಾಟೊ ಮುಂದೆ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಹೇಳಿಕೊಂಡರು. ಬರಹ ತಿದ್ದುವ ಪ್ರೋಗ್ರಾಂ ತನ್ನ ತಾತ್ಕಾಲಿಕ ಕಡತಕ್ಕೆ ಸದಾ ಒಂದೇ ಹೆಸರು ಇಡುತ್ತಿತ್ತು. ಒಂದು ಖಾತೆಗೆ ಒಬ್ಬನೇ ಮನುಷ್ಯ ಎಂಬ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ವ್ಯವಸ್ಥಾಪಕರ ಖಾತೆಯೊಂದನ್ನು ಹಲವರು ಹಂಚಿಕೊಂಡಿದ್ದರು. ಒಂದು ದಿನ ಅವರಲ್ಲಿ ಒಬ್ಬರು ದಿನದ ಸೂಚನೆಯನ್ನು ತಿದ್ದುತ್ತಿದ್ದ ಹೊತ್ತಿಗೇ ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿ ತಿದ್ದುತ್ತಿದ್ದರು. ಎರಡು ಕಡತ ಅದಲುಬದಲಾದವು. ಅಲ್ಲಿಂದ ಮುಂದೆ ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳು ಕಾಣಿಸಿದವು.

ನಮ್ಮ ಕಸುಬಿನ ಎಲ್ಲ ರೋಗಗಳೂ ಈ ಒಂದು ಕಥೆಯಲ್ಲಿವೆ. ಹಂಚಿಕೊಂಡ ಖಾತೆ, ನಡೆಯುತ್ತಿರುವ ಯಂತ್ರದ ಮೇಲೇ ತಿದ್ದುಪಡಿ, ಬರೆಯುವವರಿಗೂ ನಡೆಸುವವರಿಗೂ ನಡುವೆ ಗೋಡೆಯಿಲ್ಲದಿರುವುದು. ಆಗ ಗೋಡೆ ಕಟ್ಟುವ ಮಾತೇ ಕಷ್ಟ. ಇನ್ನೊಂದು ಕಂಪ್ಯೂಟರು ಕೊಳ್ಳಲು ದುಡ್ಡು ಯಾರಲ್ಲಿದೆ? ಹೊಸದನ್ನು ಪರೀಕ್ಷಿಸಬೇಕಾದವರು ರಾತ್ರಿಯೋ ಭಾನುವಾರವೋ ಯಂತ್ರವನ್ನು ಬಿಡಿಸಿಕೊಳ್ಳಬೇಕಿತ್ತು.

1972ರಲ್ಲಿ ಐಬಿಎಂ ವಿಎಂ/370 ತಂದಿತು. ಒಂದೇ ಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳು. ಒಂದರಲ್ಲಿ ದಿನದ ವ್ಯವಹಾರ ಸಾಗುತ್ತಿರುವಾಗಲೇ ಪಕ್ಕದ್ದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಹಾಕಿ, ಕೆಡವಿ, ಮತ್ತೆ ಹಾಕಿ ನೋಡಬಹುದು. ಮೂರು ಕೋಣೆಯ ಮನೆ ಬಾಡಿಗೆಗೆ ದಕ್ಕುವಂತಾದದ್ದು ಇಲ್ಲಿಂದ ಎನ್ನುವುದು ನನ್ನ ಎಣಿಕೆ. ಇಂದಿನ ಕ್ಲೌಡ್ ಎಂಬುದು ಇದೇ ಉಪಾಯದ ಮೊಮ್ಮಗು.

ಚಾವಿಯ ಸಾಫ್ಟ್‌ವೇರ್ ಒಂದು ಬೇರೆಯೇ ಸರಕಾಗಿ ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ಐಬಿಎಂನ ರ‍್ಯಾಕ್‌ಎಫ್ ಹೆಸರಿನಲ್ಲಿ. ಐಬಿಎಂ ಬಳಕೆದಾರರ 'ಶೇರ್' ಸಂಘದಲ್ಲಿ ಭದ್ರತೆಯ ಯೋಜನೆ ನಡೆಸಿದ್ದ ಬ್ಯಾರಿ ಶ್ರೇಗರ್ ಅವರಿಗೆ ಅದು ಹಿಡಿಸಲಿಲ್ಲ. ರ‍್ಯಾಕ್‌ಎಫ್‌ನಲ್ಲಿ ನೀವು ಕಾಯಬೇಕೆಂದು ಹೇಳಿದ ಕಡತಕ್ಕೆ ಮಾತ್ರ ಕಾವಲು. ಯಾರೂ ಏನೂ ಹೇಳದಿದ್ದರೂ ಕಾವಲಿರಬೇಕು, ಬಾಗಿಲು ಮೊದಲು ಮುಚ್ಚಿರಬೇಕು ಎಂಬುದು ಶ್ರೇಗರ್ ಪಟ್ಟು. 1978ರಲ್ಲಿ ಅವರ ಎಸಿಎಫ್‌2 ಬಂತು.

ಎಸಿಎಫ್‌2ದಲ್ಲಿದ್ದ ಒಂದು ಏರ್ಪಾಡು ನನಗೆ ಇಂದಿಗೂ ಬೆರಗು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಚಾಲೂ ಮಾಡಬಹುದಿತ್ತು. 'ಕ್ವಯಟ್' ಎಂದರೆ ಕಾವಲುಗಾರ ಇದ್ದೂ ಇಲ್ಲದಂತೆ. 'ಲಾಗ್' ಎಂದರೆ ಎಲ್ಲರನ್ನೂ ಬಿಡುತ್ತಾನೆ, ಆದರೆ ನಿಯಮ ಮೀರಿದವರನ್ನು ಬರೆದಿಡುತ್ತಾನೆ. 'ವಾರ್ನ್' ಎಂದರೆ ಬರೆದಿಟ್ಟು, ಮುಂದೆ ಹೀಗೆ ಬಿಡುವುದಿಲ್ಲ ಎಂದು ಅವರಿಗೂ ಹೇಳುತ್ತಾನೆ. 'ಅಬಾರ್ಟ್' ಎಂದರೆ ಬಾಗಿಲು ಬಂದ್. ಮುಂದೆ ಬಂದ ಟಾಪ್ ಸೀಕ್ರೆಟ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೂ ಇಂಥದೇ ನಾಲ್ಕು ಮೆಟ್ಟಿಲು. ಇದನ್ನು ಕಟ್ಟಿದವರಿಗೆ ಗೊತ್ತಿತ್ತು: ಟೆಸ್ಟ್ ಕೋಣೆಯಲ್ಲಿ ಎಷ್ಟು ಪರೀಕ್ಷಿಸಿದರೂ ನಿಜವಾದ ಜನ ನಿಜವಾಗಿ ಏನು ಮಾಡುತ್ತಾರೆ ಎಂಬುದು ಪ್ರೊಡಕ್ಷನ್‌ನಲ್ಲೇ ಕಾಣುವುದು. ವರ್ಷದ ಕೊನೆಯ ಲೆಕ್ಕಕ್ಕೆ ಮಾರ್ಚ್ 31ರ ರಾತ್ರಿ ಒಮ್ಮೆ ಮಾತ್ರ ಓಡುವ ಕೆಲಸವೊಂದಕ್ಕೆ ಯಾವ ಅನುಮತಿ ಬೇಕೆಂದು ಅದನ್ನು ಓಡಿಸುವವನಿಗೇ ನೆನಪಿರುವುದಿಲ್ಲ. ಆದ್ದರಿಂದ ಪ್ರೊಡಕ್ಷನ್ನನ್ನೇ ಕೆಲವು ತಿಂಗಳು ಟೆಸ್ಟ್ ಆಗಿ ಬಳಸುವ ಒಂದು ಮರ್ಯಾದಸ್ಥ ದಾರಿಯನ್ನು ಅವರು ಸಾಫ್ಟ್‌ವೇರಿನೊಳಗೇ ಇಟ್ಟರು.

ಕೆಲವು ತಿಂಗಳು ಎಂಬುದು ಮುಖ್ಯ. ಎಚ್ಚರಿಸಿ ಬಿಡುವ ಕಾವಲುಗಾರನನ್ನು ಹಾಗೆಯೇ ವರ್ಷಗಟ್ಟಲೆ ಇಟ್ಟುಕೊಂಡ ಕಂಪನಿಗಳನ್ನು ನಾನು ನೋಡಿದ್ದೇನೆ. ಆಡಿಟ್‌ನವರು ಕೇಳಿದರೆ "ಆಕ್ಸೆಸ್ ಕಂಟ್ರೋಲ್ ಇದೆ" ಎಂದು ಹೇಳಬಹುದು. ಸುಳ್ಳೂ ಅಲ್ಲ.

1987ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಡೇವಿಡ್ ವಿಲ್ಸನ್ ಎಂಬಿಬ್ಬರು ಒಂದು ಪ್ರಬಂಧ ಬರೆದರು. ಅದುವರೆಗೆ ಕಂಪ್ಯೂಟರ್ ಭದ್ರತೆ ಎಂದರೆ ಸೈನ್ಯದ ಗುಟ್ಟು ಕಾಯುವುದು ಎಂಬ ಭಾವನೆಯೇ ಜೋರಾಗಿತ್ತು. ವ್ಯಾಪಾರದವರ ಚಿಂತೆ ಬೇರೆ, ಅವರಿಗೆ ಲೆಕ್ಕ ಕೆಡಬಾರದು, ಅದಕ್ಕೆ ಒಂದು ಕೆಲಸವನ್ನು ಇಬ್ಬರ ಕೈಗೆ ಹಂಚಬೇಕು ಎಂದು ಇವರು ವಾದಿಸಿದರು. ಇದನ್ನು ನಮ್ಮ ಉಡುಪಿ ಹೋಟೆಲಿನವರಿಗೆ ಹೇಳಿದ್ದರೆ ನಗುತ್ತಿದ್ದರೇನೋ. ಮದರಾಸಿಗೆ ಬಂದು ಹೋಟೆಲಿಟ್ಟ ನಮ್ಮ ಕರಾವಳಿಯವರ ಪದ್ಧತಿಯೇ ಅದು. ಬಡಿಸಿದವನು ಬಿಲ್ಲು ಬರೆಯುತ್ತಾನೆ, ದುಡ್ಡು ಮುಟ್ಟುವುದಿಲ್ಲ. ಗಲ್ಲಾದವನು ದುಡ್ಡು ಮುಟ್ಟುತ್ತಾನೆ, ಬಿಲ್ಲು ಬರೆಯುವುದಿಲ್ಲ. ಇಬ್ಬರೂ ಸೇರಿಕೊಂಡರೆ ಮಾತ್ರ ಮೋಸ. ಸಾಫ್ಟ್‌ವೇರಿನಲ್ಲಿ ಬರೆದವನೇ ಅದನ್ನು ಪ್ರೊಡಕ್ಷನ್‌ಗೆ ಒಯ್ಯಬಾರದು ಎಂಬ ನಿಯಮದ ಬೇರು ಇಲ್ಲಿದೆ. ಕೋಣೆಗಳನ್ನು ಬೇರೆ ಮಾಡಿ ಮೂರಕ್ಕೂ ಒಬ್ಬನೇ ಚಾವಿ ಇಟ್ಟುಕೊಂಡರೆ ಗೋಡೆಯ ಖರ್ಚು ದಂಡ.

ಚೆನ್ನೈ ಈ ಕಥೆಯೊಳಗೆ ದೊಡ್ಡದಾಗಿ ಬಂದದ್ದು ಆಮೇಲೆ. 1992ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿಯ ಆರ್/3 ಬಂದು, ಡೆವ್, ಕ್ವಾಲಿಟಿ, ಪ್ರೊಡಕ್ಷನ್ ಎಂಬ ಮೂರು ಯಂತ್ರಗಳ ಸಾಲು ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ರೂಢಿಯಾಯಿತು. ತಿದ್ದುಪಡಿಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ 'ಟ್ರಾನ್ಸ್‌ಪೋರ್ಟ್' ಎಂಬ ಮೂಟೆ ಕಟ್ಟಿಕೊಂಡು ಹೋಗಬೇಕು. 2000ದ ಜುಲೈಯಲ್ಲಿ ತರಮಣಿಯಲ್ಲಿ ಟೈಡೆಲ್ ಪಾರ್ಕ್ ಉದ್ಘಾಟನೆಯಾಯಿತು. 2002ರಲ್ಲಿ ಅಮೆರಿಕದಲ್ಲಿ ಎನ್ರಾನ್ ಹಗರಣದ ಬೆನ್ನಿಗೆ ಸಾರ್ಬೇನ್ಸ್-ಆಕ್ಸ್‌ಲಿ ಕಾನೂನು ಬಂತು. ಕಂಪನಿಯ ಲೆಕ್ಕಕ್ಕೆ ಸಂಬಂಧಿಸಿದ ಒಳಗಿನ ಹತೋಟಿಗೆ ಮೇಲಧಿಕಾರಿಗಳೇ ಸಹಿ ಹಾಕಿ ಹೊಣೆ ಹೊರಬೇಕು. ಪ್ರೊಡಕ್ಷನ್ ಚಾವಿ ಯಾರ ಹತ್ತಿರ ಇದೆ ಎಂದು ಅಮೆರಿಕದ ದೊಡ್ಡ ಸಾಹೇಬರು ಕೇಳತೊಡಗಿದ್ದು ಆಗಲೇ. ಅಷ್ಟು ಹೊತ್ತಿಗೆ ಆ ಚಾವಿಗಳಲ್ಲಿ ಬಹಳಷ್ಟು ತರಮಣಿ, ಶೋಲಿಂಗನಲ್ಲೂರುಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಹುಡುಗರ ಕೈಯಲ್ಲಿದ್ದವು.

ನಡುರಾತ್ರಿ ಯಂತ್ರ ಕೆಟ್ಟರೆ ಅವರಿಗೆ ಪ್ರೊಡಕ್ಷನ್ ಒಳಗೆ ಹೋಗದೆ ವಿಧಿಯಿಲ್ಲ, ಹೋದರೆ ನಿಯಮ ಮುರಿದಂತೆ. ಈ ಕಗ್ಗಂಟಿಗೆ ವಿರ್ಸಾ ಎಂಬ ಕಂಪನಿ 'ಫೈರ್‌ಫೈಟರ್' ಎಂಬ ಉಪಾಯ ಮಾಡಿತು. ಬೆಂಕಿ ಬಿದ್ದಾಗ ಮಾತ್ರ ತಾತ್ಕಾಲಿಕ ಚಾವಿ, ಕಾರಣ ಬರೆದು ಪಡೆಯಬೇಕು, ಒಳಗೆ ಮಾಡಿದ್ದೆಲ್ಲ ದಾಖಲಾಗುತ್ತದೆ, ಮರುದಿನ ಇನ್ನೊಬ್ಬರು ಓದುತ್ತಾರೆ. 2006ರಲ್ಲಿ ವಿರ್ಸಾವನ್ನು ಎಸ್‌ಎಪಿಯೇ ಕೊಂಡಿತು. ಒಳ್ಳೆಯ ಉಪಾಯವೇ. ಮರುದಿನ ಓದುವವರು ನಿಜವಾಗಿ ಓದುತ್ತಾರೆಯೇ ಎಂಬುದಕ್ಕೆ ಸಾಫ್ಟ್‌ವೇರ್ ಇಲ್ಲ.

ಎಲ್ಲರೂ ಪ್ರೊಡಕ್ಷನ್ ಬಾಗಿಲಿಗೆ ಬೀಗದ ಮೇಲೆ ಬೀಗ ಜಡಿಯುತ್ತಿದ್ದಾಗ ಟೆಸ್ಟ್ ಕೋಣೆಯನ್ನು ಯಾರೂ ಗಮನಿಸಲಿಲ್ಲ. ಟೆಸ್ಟ್ ತಾನೆ, ಎಲ್ಲರಿಗೂ ಎಲ್ಲ ಅನುಮತಿ ಕೊಡಿ, ಕೆಲಸ ಬೇಗ ಆಗಲಿ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಪರೀಕ್ಷೆ ನಿಜಕ್ಕೆ ಹತ್ತಿರವಾಗಿರಲೆಂದು ಆರು ತಿಂಗಳಿಗೊಮ್ಮೆ ಪ್ರೊಡಕ್ಷನ್ನಿನ ಯಥಾಪ್ರತಿ ತೆಗೆದು ಟೆಸ್ಟ್‌ಗೆ ಸುರಿಯುವುದು ರೂಢಿ. ಆ ಕ್ಷಣ ಅತಿ ಗುಟ್ಟಿನ ಸರಕು ಅತಿ ಸಡಿಲ ಬಾಗಿಲ ಹಿಂದೆ ಬಂದು ಕೂರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಹೊಸದಾಗಿ ಸೇರಿದ್ದ ಯೋಜನೆಯೊಂದರಲ್ಲಿ ಹೀಗಾಯಿತು. ಗಿರಾಕಿ ಯೂರೋಪಿನ ಒಂದು ತಯಾರಿಕಾ ಕಂಪನಿ. ಅವರ ಮಂದಿಯೇ ಪ್ರೊಡಕ್ಷನ್ ಪ್ರತಿಯನ್ನು ಟೆಸ್ಟ್‌ಗೆ ಇಳಿಸಿದ್ದರು. ಸಾಲುಸಾಲು ಹೆಸರುಗಳ ಜೊತೆ ಇಮೇಲ್ ವಿಳಾಸಗಳೂ ನಿಜವಾದವೇ ಬಂದಿದ್ದವು. ಮರುದಿನ ಯಾರೋ ವಾರ್ಷಿಕ ಪರಿಶೀಲನೆಯ ಪರೀಕ್ಷೆ ಶುರುಮಾಡಿದರು. ಗಡುವಿನೊಳಗೆ ಉತ್ತರ ಬರದಿದ್ದರೆ ಅನುಮತಿ ಕಿತ್ತುಹಾಕು ಎಂಬುದು ನಿಯಮ, ಪರೀಕ್ಷೆಗೆಂದು ಗಡುವನ್ನು ಒಂದು ಗಂಟೆಗೆ ಇಳಿಸಲಾಗಿತ್ತು. ಅಲ್ಲಿನ ಬೆಳಗ್ಗೆ ನೂರಾರು ಜನರಿಗೆ "ನಿಮ್ಮ ಎಲ್ಲ ಅನುಮತಿಗಳನ್ನು ರದ್ದುಪಡಿಸಲಾಗಿದೆ" ಎಂಬ ಪತ್ರ ಹೋಯಿತು. ಆ ಕಂಪನಿಯಲ್ಲಿ ಆಗಷ್ಟೇ ಕೆಲಸದಿಂದ ತೆಗೆಯುವ ಸುದ್ದಿ ಹಬ್ಬಿತ್ತು. ರದ್ದಾದದ್ದು ಟೆಸ್ಟ್‌ನಲ್ಲಿ ಮಾತ್ರ, ಪ್ರೊಡಕ್ಷನ್‌ನಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ. ಆದರೆ ಪತ್ರ ಓದಿದವರಿಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬ ಹಿರಿಯ ಹೆಂಗಸು ಫೋನಿನಲ್ಲಿ ನನ್ನನ್ನು ಮೂರು ಸಲ ಕೇಳಿದರು, ತಾನು ಇವತ್ತು ಕೆಲಸಕ್ಕೆ ಬರಬೇಕೋ ಬೇಡವೋ ಎಂದು. ಅಂದಿನಿಂದ ನಮ್ಮ ಯೋಜನೆಯ ಪಟ್ಟಿಯಲ್ಲಿ ಒಂದು ಸಾಲು ಕಾಯಂ ಆಯಿತು: ಪ್ರತಿ ಇಳಿಸುವ ಮೊದಲು ಟೆಸ್ಟ್‌ನಿಂದ ಹೊರಗೆ ಹೋಗುವ ಪತ್ರದ ದಾರಿ ಮುಚ್ಚಬೇಕು.

ಹೆಸರುಗಳನ್ನು ಮರೆಮಾಚಬಹುದಲ್ಲ ಎನ್ನುತ್ತೀರಿ. ಮಾಚುತ್ತೇವೆ. ಅಧಿಕಾರಿಗಳೂ ಹೇಳುತ್ತಾರೆ. ಡೆವ್, ಟೆಸ್ಟ್, ಪ್ರೊಡಕ್ಷನ್ ಬೇರೆಬೇರೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2016ರ ಸೈಬರ್ ಭದ್ರತೆಯ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿದೆ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದ ಮೇಲೆ ವಕೀಲರೂ ಸಭೆಗೆ ಬರುತ್ತಾರೆ. ಆದರೆ ಇಡೀ ಕಂಪನಿಯಲ್ಲಿ ಒಬ್ಬರಿಗೇ ಇರುವ ಹುದ್ದೆಯ ಹೆಸರನ್ನು ಮಾಚಿ ಏನು ಫಲ? ಹುದ್ದೆಯನ್ನೂ ಮಾಚಿದರೆ ನಿಯಮವೇ ಕೆಲಸ ಮಾಡುವುದಿಲ್ಲ, ಏಕೆಂದರೆ ನಿಯಮ ಹುದ್ದೆಯನ್ನು ನೋಡಿಯೇ ಬಾಗಿಲು ತೆರೆಯುವುದು. ಇಲ್ಲಿ ಪೂರ್ತಿ ಸರಿಯಾದ ಉತ್ತರ ಇಲ್ಲವೆಂದೇ ನನ್ನ ಅನುಭವ. ಇರುವುದು ಚೌಕಾಶಿ. ಹೆಸರು, ಫೋನು, ಸಂಬಳ ಹೋಗಲಿ, ಹುದ್ದೆ, ಇಲಾಖೆ ಉಳಿಯಲಿ, ಮತ್ತು ಆ ಟೆಸ್ಟ್ ಕೋಣೆಗೆ ಪ್ರೊಡಕ್ಷನ್ನಿನಷ್ಟೇ ಗಟ್ಟಿ ಬೀಗ ಬೀಳಲಿ. ಕೊನೆಯ ಮಾತಿಗೆ ಗಿರಾಕಿಗಳು ಸುಲಭವಾಗಿ ಒಪ್ಪುವುದಿಲ್ಲ, ಖರ್ಚಿನ ಮಾತು.

ಒಪ್ಪದವರಿಗೆ ಈಗ ಒಂದು ಉದಾಹರಣೆ ಸಿಕ್ಕಿದೆ. 2024ರ ಜನವರಿ 19ರಂದು ಮೈಕ್ರೋಸಾಫ್ಟ್ ಒಂದು ಪ್ರಕಟಣೆ ಕೊಟ್ಟಿತು. ರಷ್ಯಾ ಸರ್ಕಾರದ ಬೆಂಬಲವಿದೆ ಎನ್ನಲಾದ ಗುಂಪೊಂದು 2023ರ ನವೆಂಬರ್ ಕೊನೆಯಿಂದ ಅವರ ಒಳಗೆ ಸೇರಿಕೊಂಡು ಹಿರಿಯ ಅಧಿಕಾರಿಗಳ ಇಮೇಲುಗಳನ್ನೂ ಓದಿತ್ತು. ಎಲ್ಲಿಂದ ಹೊಕ್ಕರು? ಪ್ರೊಡಕ್ಷನ್ ಅಲ್ಲದ ಒಂದು ಹಳೆಯ ಟೆಸ್ಟ್ ಖಾತೆಯಿಂದ. ಸಾಮಾನ್ಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ ತೆರೆದರು, ಆ ಖಾತೆಗೆ ಎರಡನೆಯ ಪರೀಕ್ಷೆಯ ಬೀಗ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಅಲ್ಲಿದ್ದ ಹಳೆಯ ಟೆಸ್ಟ್ ಅಪ್ಲಿಕೇಶನ್ ಒಂದಕ್ಕೆ ಕಂಪನಿಯ ನಿಜವಾದ ವ್ಯವಸ್ಥೆಯೊಳಗೆ ದೊಡ್ಡ ಅನುಮತಿ ಇತ್ತು. ಎಂದೋ ಯಾರೋ ಏನನ್ನೋ ಪರೀಕ್ಷಿಸಲು ಕೊಟ್ಟ ಚಾವಿ. ಲೋಕಕ್ಕೆಲ್ಲ ಬೀಗ ಮಾರುವ ಕಂಪನಿಯ ಮನೆಯಲ್ಲಿ, ಎಲ್ಲರೂ ಮರೆತ ಕೋಣೆಯ ಗೋಡೆಯಲ್ಲಿ, ಪಡಸಾಲೆಗೆ ಒಂದು ಕಿಂಡಿ.

ಚೆನ್ನೈನಲ್ಲಿ ಇದ್ದುಕೊಂಡು ನಾಲ್ಕನೆಯ ಕೋಣೆಯ ಮಾತಾಡದಿದ್ದರೆ ಹೇಗೆ. ಮೂಲ ಕೋಣೆಗೆ ಬೆಂಕಿಯೋ ನೀರೋ ಬಿದ್ದಾಗ ಕೆಲಸ ಮುಂದುವರಿಸಲು ದೂರದ ಊರಿನಲ್ಲಿ ಸಿದ್ಧವಾಗಿಡುವ ಪ್ರತಿಯನ್ನು ಡಿಆರ್ ಎನ್ನುತ್ತೇವೆ. ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಡಿಆರ್ ಇರುವುದು ಚೆನ್ನೈನಲ್ಲಿ. ಇನ್ನೊಬ್ಬರ ಆಪತ್ತಿಗೆ ಆಗುವ ಈ ಊರಿಗೂ ಆಪತ್ತು ತಪ್ಪಿದ್ದಲ್ಲ. 2015ರ ಡಿಸೆಂಬರ್ ಮೊದಲ ವಾರದ ಪ್ರವಾಹದಲ್ಲಿ ಹಲವು ಐಟಿ ಕಂಪನಿಗಳು ಇಲ್ಲಿನ ತಂಡಗಳನ್ನು ಬೆಂಗಳೂರು, ಹೈದರಾಬಾದುಗಳಿಗೆ ಕಳಿಸಿದ್ದವು.

2021ರ ಫೆಬ್ರವರಿ 24ರಂದು ಬೆಳಗ್ಗೆ 11:40ಕ್ಕೆ ಎನ್‌ಎಸ್‌ಇ ವಹಿವಾಟು ನಿಂತಿತು. ಟೆಲಿಕಾಂ ಸಂಪರ್ಕಗಳು ಕೈಕೊಟ್ಟು ಅದರ ಹಿಂದೆಯೇ ಅಪಾಯ ನಿರ್ವಹಣೆಯ ವ್ಯವಸ್ಥೆ ಸ್ತಬ್ಧವಾಗಿತ್ತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ, ಸಂಜೆ ಐದರವರೆಗೆ ಸಮಯ ವಿಸ್ತರಿಸಿ. ಆ ನಾಲ್ಕು ಗಂಟೆ ಚೆನ್ನೈನ ಕೋಣೆ ಸಿದ್ಧವಾಗಿಯೇ ಇತ್ತು, ವ್ಯವಹಾರ ಇಲ್ಲಿಗೆ ಬರಲಿಲ್ಲ. ಮರು ತಿಂಗಳು ಸೆಬಿ ಗಡುವು ಹಾಕಿತು. ಮುಖ್ಯ ವ್ಯವಸ್ಥೆ ನಿಂತ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಡಿಆರ್‌ನಿಂದ ಕೆಲಸ ಶುರುವಾಗಬೇಕು. 2024ರ ಮಾರ್ಚ್ 2, ಶನಿವಾರ, ಅದರ ಬಹಿರಂಗ ಪರೀಕ್ಷೆ ನಡೆಯಿತು. ಮೊದಲ ಅವಧಿ ಮೂಲ ಕೇಂದ್ರದಿಂದ, ಎರಡನೆಯದು ಡಿಆರ್‌ನಿಂದ, ನಿಜವಾದ ದುಡ್ಡಿನಲ್ಲೇ.

ಆ ದಿನದ ಸುದ್ದಿ ಓದುವಾಗ ನನ್ನ ತಲೆಯಲ್ಲಿದ್ದದ್ದು ಚಾವಿಗಳ ಲೆಕ್ಕ, ಕಸುಬಿನ ಚಟ. ಡಿಆರ್‌ಗೆ ವ್ಯವಹಾರದ ಮಾಹಿತಿ ಕ್ಷಣಕ್ಷಣಕ್ಕೂ ಹರಿಯುತ್ತಿರುತ್ತದೆ. ಬೇರೆ ಕಂಪನಿಗಳ ಡಿಆರ್‌ಗಳಲ್ಲಿ ನಾನು ಕಂಡಂತೆ ಅನುಮತಿಗಳ ಪಟ್ಟಿ ಮಾತ್ರ ಹಲವು ಸಲ ಹಳೆಯದಿರುತ್ತದೆ. ಕಳೆದ ವರ್ಷ ಬಿಟ್ಟುಹೋದವರು ಅಲ್ಲಿ ಇನ್ನೂ ನೌಕರರು, ನಿನ್ನೆ ಸೇರಿದವರಿಗೆ ಪ್ರವೇಶವಿಲ್ಲ. ವಿಪತ್ತಿನ ದಿನ ಬಾಗಿಲ ಮುಂದೆ ಸರಿಯಾದ ಜನ ನಿಂತಿರುತ್ತಾರೆ, ಕಾವಲುಗಾರನ ಕೈಯಲ್ಲಿ ಹಳೆಯ ಪಟ್ಟಿ.

ಆದ್ದರಿಂದ ನಮ್ಮ ಯೋಜನೆಯ ಹಾಳೆಯಲ್ಲಿ ಈಗ ನಾಲ್ಕು ಕಂಬ. ಪ್ರತಿ ಕೋಣೆಗೂ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಗಿರಾಕಿಗಳು ಥಟ್ಟನೆ ಉತ್ತರ ಕೊಡುತ್ತಾರೆ. ಎಷ್ಟು ಸರ್ವರ್, ಎಷ್ಟು ಮೆಮೊರಿ, ಯಾವ ಆವೃತ್ತಿ. ಖಾಲಿ ಉಳಿಯುವುದು ಒಂದೇ ಸಾಲು: ಟೆಸ್ಟ್‌ನ ಒಡೆತನ ಯಾರದು, ಅದರ ದೊಡ್ಡ ಚಾವಿ ಯಾರ ಹೆಸರಿನಲ್ಲಿದೆ. ಇಲಾಖೆಯ ಹೆಸರು ಬರೆದರೆ ನಾವು ವಾಪಸ್ ಕಳಿಸುತ್ತೇವೆ, ಮನುಷ್ಯರ ಹೆಸರೇ ಬೇಕು. ಈ ತಿಂಗಳು ಹಾಕುತ್ತಿರುವ ಯೋಜನೆಯಲ್ಲಿ ಮೂರನೆಯ ಸಲ ಕೇಳಿದ ಮೇಲೆ ಒಂದು ಹೆಸರು ಬಂತು. ವಿಚಾರಿಸಿದರೆ ಅವರು ಮುಂದಿನ ಮಾರ್ಚ್‌ಗೆ ನಿವೃತ್ತರಾಗುತ್ತಾರಂತೆ. ಅವರ ನಂತರ ಯಾರು ಎಂದು ಬರೆದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.